ಕುಮಟೆಯ ಮುಂದೆ ಇರುವುದು ಸಮುದ್ರವೋ, ಮಹಾಸಾಗರವೋ?

ಕುಮಟಾ ನಿವಾಸಿ

ಎಂಟನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗನ ಕಿರುಪರೀಕ್ಷೆಯಲ್ಲಿ, ಕರ್ನಾಟಕದ ಪಶ್ಚಿಮಕ್ಕೆ ಇರುವ ಜಲರಾಶಿ ಯಾವುದು ಎಂಬ ಒಂದು ಅಂಕದ ಪ್ರಶ್ನೆಯಿತ್ತು. ಅವನು ‘ಹಿಂದೂ ಮಹಾಸಾಗರ’ ಎಂದು ಬರೆದಿದ್ದ. ಅದರ ಮೇಲೆ ಕೆಂಪು ಗೀಟು ಬಿದ್ದು, ಪಕ್ಕದಲ್ಲಿ ‘ಅರಬ್ಬೀ ಸಮುದ್ರ’ ಎಂದು ತಿದ್ದಲಾಗಿತ್ತು. ಅಂಕ ಹೋದುದಕ್ಕೆ ನನಗೆ ಬೇಸರವಿಲ್ಲ. ಆದರೆ ರಾತ್ರಿ ಊಟಕ್ಕೆ ಕುಳಿತಾಗ ಅವನು ಕೇಳಿದ ಪ್ರಶ್ನೆಗೆ ಉತ್ತರ ಹೇಳಲಾಗದೆ ಹೋದದ್ದು ಮೂರು ದಿನಗಳಿಂದ ಮನಸ್ಸನ್ನು ಕೊರೆಯುತ್ತಿದೆ. "ಕುಮಟೆ ಉತ್ತರ ಕನ್ನಡದಲ್ಲಿದೆ ಎಂದರೂ ಸರಿ, ಕರ್ನಾಟಕದಲ್ಲಿದೆ ಎಂದರೂ ಸರಿ. ಹಾಗಿರುವಾಗ ಅರಬ್ಬೀ ಸಮುದ್ರ ಹಿಂದೂ ಮಹಾಸಾಗರದ ಒಳಗೇ ಇದ್ದರೆ ನನ್ನ ಉತ್ತರ ತಪ್ಪಾಗುವುದು ಹೇಗೆ?" ಎಂದು ಅವನು ಕೇಳಿದ.

ಸಮುದ್ರ ಚಿಕ್ಕದು, ಸಾಗರ ದೊಡ್ಡದು ಎಂದು ನಾನು ಶಾಲೆಯಲ್ಲಿ ಕಲಿತದ್ದನ್ನೇ ಹೇಳಿದೆ. ಎಷ್ಟು ದೊಡ್ಡದಾದರೆ ಸಮುದ್ರವು ಸಾಗರವಾಗುತ್ತದೆ ಎಂದು ಮರುಪ್ರಶ್ನೆ ಬಂತು. ತಿಳಿದವರು ದಯವಿಟ್ಟು ಹೇಳಿ. ಇವೆರಡರ ನಡುವೆ ನಿಜವಾದ ಗೆರೆ ಇದೆಯೇ, ಇದ್ದರೆ ಅದು ಎಲ್ಲಿದೆ?

ಭೂಗೋಳದ ಶಿಕ್ಷಕಿ

ಉತ್ತರ ಪತ್ರಿಕೆ ತಿದ್ದಿದವರ ಪರವಾಗಿ ಒಂದು ಮಾತು ಹೇಳುತ್ತೇನೆ. ಖಂಡಗಳ ನಡುವಿನ ಮಹಾ ತಗ್ಗುಗಳನ್ನು ತುಂಬಿರುವ ನೀರಿಗೆ ಮಹಾಸಾಗರ ಎನ್ನುತ್ತೇವೆ, ಅದರ ಅಂಚಿನಲ್ಲಿ ನೆಲ ಒಂದಷ್ಟು ಸುತ್ತುವರಿದಿರುವ ಭಾಗಕ್ಕೆ ಸಮುದ್ರ ಎನ್ನುತ್ತೇವೆ. ಪೆಸಿಫಿಕ್ ಮಹಾಸಾಗರದ ವಿಸ್ತಾರ ಸುಮಾರು 16.5 ಕೋಟಿ ಚದರ ಕಿಲೋಮೀಟರ್, ಹಿಂದೂ ಮಹಾಸಾಗರದ್ದು ಸುಮಾರು 7 ಕೋಟಿ, ಅರಬ್ಬೀ ಸಮುದ್ರದ್ದು ಸುಮಾರು 38 ಲಕ್ಷ. ಅರಬ್ಬೀ ಸಮುದ್ರಕ್ಕೆ ಪೂರ್ವದಲ್ಲಿ ಭಾರತ, ಉತ್ತರದಲ್ಲಿ ಪಾಕಿಸ್ತಾನ ಮತ್ತು ಇರಾನ್, ಪಶ್ಚಿಮದಲ್ಲಿ ಅರೇಬಿಯಾ ಮತ್ತು ಸೊಮಾಲಿಯಾ ಇವೆ. ತೆರೆದಿರುವುದು ದಕ್ಷಿಣದ ಕಡೆ ಮಾತ್ರ. ಅಂಚೆ ವಿಳಾಸದಲ್ಲಿ ಊರಿನ ಹೆಸರಿರಬೇಕಾದ ಜಾಗದಲ್ಲಿ ‘ಭಾರತ’ ಎಂದಷ್ಟೇ ಬರೆದರೆ ಪತ್ರ ತಲುಪುವುದಿಲ್ಲ. ಪ್ರಶ್ನೆ ಕೇಳಿದವರಿಗೆ ಹತ್ತಿರದ ಹೆಸರು ಬೇಕಾಗಿತ್ತು.

ಹಂಪನಕಟ್ಟೆ

ಸುತ್ತುವರಿದಿರುವುದೇ ಲಕ್ಷಣವಾದರೆ ಬಂಗಾಳ ಕೊಲ್ಲಿಯ ಗತಿ ಏನು? ಅದಕ್ಕೂ ಮೂರು ಕಡೆ ನೆಲವಿದೆ, ವಿಸ್ತಾರವೂ 20 ಲಕ್ಷ ಚದರ ಕಿಲೋಮೀಟರಿಗಿಂತ ಹೆಚ್ಚು. ಅದರ ಕಾಲು ಭಾಗವೂ ಇಲ್ಲದ ಕಪ್ಪು ಸಮುದ್ರಕ್ಕೆ ‘ಸಮುದ್ರ’ ಎನ್ನುತ್ತೇವೆ, ಇದಕ್ಕೆ ಮಾತ್ರ ‘ಕೊಲ್ಲಿ’ ಎನ್ನುತ್ತೇವೆ.

ಭೂಗೋಳದ ಶಿಕ್ಷಕಿ

ಹಂಪನಕಟ್ಟೆಯವರ ಆಕ್ಷೇಪ ಸರಿಯಾಗಿದೆ, ಅದನ್ನು ನಾನು ಒಪ್ಪುತ್ತೇನೆ. ಹೆಸರಿಟ್ಟವರು ನಾವಿಕರು, ಅವರು ಅಳತೆ ಮಾಡಿ ಹೆಸರಿಡಲಿಲ್ಲ, ರೂಢಿಗೆ ಬಂದದ್ದು ನಿಂತುಹೋಯಿತು. ಇನ್ನೂ ವಿಚಿತ್ರವಾದದ್ದು ಅಟ್ಲಾಂಟಿಕ್ ನಡುವಿನ ಸರ್ಗಾಸೊ ಸಮುದ್ರ. ಅದಕ್ಕೆ ದಡವೇ ಇಲ್ಲ. ಗಲ್ಫ್ ಸ್ಟ್ರೀಮ್ ಸೇರಿದಂತೆ ನಾಲ್ಕು ಪ್ರವಾಹಗಳು ಸುತ್ತುತ್ತ, ನಡುವೆ ತೇಲುವ ಪಾಚಿಯನ್ನು ಹಿಡಿದಿಟ್ಟುಕೊಂಡಿರುವ ನೀರಿಗೆ ಆ ಹೆಸರು ಬಂದಿದೆ. ಆದ್ದರಿಂದ ನಾನು ಮೇಲೆ ಹೇಳಿದ ಲಕ್ಷಣ ಬಹುಪಾಲಿಗೆ ಹೊಂದುತ್ತದೆ, ಎಲ್ಲದಕ್ಕೂ ಅಲ್ಲ.

ಹಡಗಿನ ಅಧಿಕಾರಿ

ವ್ಯಾಪಾರಿ ಹಡಗುಗಳಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದೇನೆ. ಗೆರೆ ಎಲ್ಲಿದೆ ಎಂದು ಕೇಳಿದ್ದೀರಿ. ಕಾಗದದ ಮೇಲೆ ಅದು ನಿಖರವಾಗಿಯೇ ಇದೆ. ಮೊನಾಕೊದಲ್ಲಿರುವ ಅಂತಾರಾಷ್ಟ್ರೀಯ ಜಲಮಾಪನ ಸಂಸ್ಥೆಯು ಸಾಗರ ಮತ್ತು ಸಮುದ್ರಗಳ ಎಲ್ಲೆಗಳನ್ನು ಅಕ್ಷಾಂಶ, ರೇಖಾಂಶ ಸಮೇತ ಹೇಳುವ ಒಂದು ಕಿರುಹೊತ್ತಗೆಯನ್ನು 1928ರಲ್ಲಿ ಹೊರತಂದಿತು. ಅದರ ಎರಡನೆಯ ಆವೃತ್ತಿ 1937ರಲ್ಲಿ ಬಂತು, ಮೂರನೆಯದು 1953ರಲ್ಲಿ ಬಂತು. ಮುಂದಿನ ಆವೃತ್ತಿಯ ಕರಡು ಸಿದ್ಧವಾದರೂ ಕೆಲವು ಹೆಸರುಗಳ ಜಗಳದಿಂದ, ಮುಖ್ಯವಾಗಿ ಜಪಾನ್ ಮತ್ತು ಕೊರಿಯಾ ನಡುವಿನ ಸಮುದ್ರದ ಹೆಸರಿನ ಜಗಳದಿಂದ, ಅದು ಮುಂದಕ್ಕೆ ಹೋಗಲಿಲ್ಲ.

ಈ 1953ರ ಹೊತ್ತಗೆಯ ಪ್ರಕಾರ ಹಿಂದೂ ಮಹಾಸಾಗರವು ಅರಬ್ಬೀ ಸಮುದ್ರದ ದಕ್ಷಿಣದ ಎಲ್ಲೆಯಿಂದ ಆಚೆಗೆ ಮಾತ್ರ ಆರಂಭವಾಗುತ್ತದೆ. ಅಂದರೆ ಸಮುದ್ರಗಳು ಸಾಗರದ ಒಳಗಿಲ್ಲ, ಅದರ ಪಕ್ಕದಲ್ಲಿವೆ. ಹಾಗೆ ನೋಡಿದರೆ ನಿಮ್ಮ ಮಗನ ಉತ್ತರ ತಪ್ಪು.

ಆದರೆ ತಿದ್ದಿದ ಉತ್ತರವೂ ಅದೇ ಹೊತ್ತಗೆಯ ಪ್ರಕಾರ ಕುಮಟೆಗೆ ಹೊಂದುವುದಿಲ್ಲ. ಅರಬ್ಬೀ ಸಮುದ್ರಕ್ಕೂ ಲಕ್ಷದ್ವೀಪ ಸಮುದ್ರಕ್ಕೂ ನಡುವಿನ ಗೆರೆ ಭಾರತದ ಕರಾವಳಿಯನ್ನು ಮುಟ್ಟುವುದು ನಮ್ಮ ಸದಾಶಿವಗಡದಲ್ಲಿ, 14 ಡಿಗ್ರಿ 48 ನಿಮಿಷ ಉತ್ತರ, 74 ಡಿಗ್ರಿ 7 ನಿಮಿಷ ಪೂರ್ವದಲ್ಲಿ. ಅಲ್ಲಿಂದ ಅದು ನೈರುತ್ಯಕ್ಕೆ ಕೋರಾ ದಿವ್ ಎಂಬ ಮುಳುಗಿದ ದಿಬ್ಬಕ್ಕೆ ಹೋಗಿ, ಲಕ್ಷದ್ವೀಪ ಮತ್ತು ಮಾಲ್ಡೀವ್ಸ್ ದ್ವೀಪಸಾಲುಗಳ ಪಶ್ಚಿಮ ಅಂಚಿನಲ್ಲೇ ಅಡ್ಡು ಹವಳದ್ವೀಪದವರೆಗೆ ಇಳಿಯುತ್ತದೆ. ಆ ಗೆರೆಯ ಪೂರ್ವದ ನೀರೆಲ್ಲ ಲಕ್ಷದ್ವೀಪ ಸಮುದ್ರ. ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳ, ಕುಂದಾಪುರ, ಮಲ್ಪೆ, ಮಂಗಳೂರು ಇವೆಲ್ಲವೂ ಅದರ ದಡದಲ್ಲಿವೆ.

ಮಲ್ಪೆ ಬಂದರು

ನಾನು ಹುಟ್ಟಿ ಬೆಳೆದದ್ದು ಮಲ್ಪೆಯಲ್ಲಿ. ಐವತ್ತು ವರ್ಷಗಳಲ್ಲಿ ನಮ್ಮ ಕಡಲಿಗೆ ಲಕ್ಷದ್ವೀಪ ಸಮುದ್ರ ಎಂದು ಹೇಳಿದವರನ್ನು ಒಬ್ಬರನ್ನೂ ಕಂಡಿಲ್ಲ. ಜನರ ಬಾಯಲ್ಲಿ ಇಲ್ಲದ ಹೆಸರನ್ನು ಯಾವುದೋ ಹೊತ್ತಗೆ ಹೇಳಿತೆಂದು ಒಪ್ಪಲಾಗುವುದಿಲ್ಲ.

ಕಾಳಿ ತೀರ

ಸದಾಶಿವಗಡದ ಹೆಸರು ಬಂದದ್ದರಿಂದ ಬರೆಯುತ್ತಿದ್ದೇನೆ. ಕಾರವಾರದಿಂದ ಹೆದ್ದಾರಿಯಲ್ಲಿ ಗೋವೆಯ ಕಡೆಗೆ ಹೋಗುವಾಗ ಕಾಳಿ ನದಿಯ ಸೇತುವೆ ಮುಗಿಯುತ್ತಿದ್ದಂತೆ ಎದುರಾಗುವ ಗುಡ್ಡವೇ ಅದು. ಎಡಕ್ಕೆ ಅಳಿವೆ, ಅದರಾಚೆ ಕಡಲು. ನದಿಯ ದಕ್ಷಿಣಕ್ಕೆ ಟ್ಯಾಗೋರ್ ಕಡಲತೀರ, ಉತ್ತರಕ್ಕೆ ಮಾಜಾಳಿಯ ಕಡಲತೀರ. ಮೇಲಿನ ಲೆಕ್ಕದಲ್ಲಿ ಮಾಜಾಳಿಯವರದ್ದು ಅರಬ್ಬೀ ಸಮುದ್ರ, ಕಾರವಾರ ಪೇಟೆಯವರದ್ದು ಲಕ್ಷದ್ವೀಪ ಸಮುದ್ರ. ಕರ್ನಾಟಕದ ಇಡೀ ಕರಾವಳಿಯಲ್ಲಿ ಅರಬ್ಬೀ ಸಮುದ್ರಕ್ಕೆ ಉಳಿದದ್ದು ಗೋವೆಯ ಗಡಿಯವರೆಗಿನ ಒಂದು ತುಂಡು ಮಾತ್ರ ಎಂದಾಯಿತು.

ನಾವು ಕಣ್ಣಾರೆ ಕಾಣುವ ಗೆರೆ ಬೇರೆ ಇದೆ. ಜುಲೈ ತಿಂಗಳಲ್ಲಿ ಮಳೆ ಸ್ವಲ್ಪ ಹೊಳವಾದಾಗ ಗುಡ್ಡ ಹತ್ತಿ ನಿಂತರೆ, ಕಾಳಿಯ ಕೆಂಪು ನೀರು ಬೀಸಣಿಗೆಯಂತೆ ಕಡಲಿನೊಳಗೆ ಹರಡಿರುತ್ತದೆ. ಅದರ ಅಂಚಿನಲ್ಲಿ ನೊರೆಯ ಒಂದು ಸಾಲು, ಎಲೆ ಕಡ್ಡಿ, ಒಮ್ಮೊಮ್ಮೆ ಬುಡಸಮೇತ ಬಂದ ಮರವೂ ತೇಲುತ್ತಿರುತ್ತದೆ. ಸಾಲಿನ ಆಚೆ ನೀರು ಬೂದು ಹಸಿರು. ಮಧ್ಯಾಹ್ನ ನೋಡಿದಾಗ ಇದ್ದ ಕಡೆ ಅದು ಸಂಜೆ ಇರುವುದಿಲ್ಲ. ಭರತ ಬಂದರೆ ಒಳಕ್ಕೆ ಸರಿಯುತ್ತದೆ, ಇಳಿತಕ್ಕೆ ಹೊರಗೆ ಹೋಗುತ್ತದೆ.

ನಾಲ್ಕು ಊರು ಸುತ್ತಿದವ

ಕನ್ಯಾಕುಮಾರಿಗೆ ಹೋದವರಿಗೆ ಈ ಗೊಂದಲವೇ ಇರುವುದಿಲ್ಲ. ಅಲ್ಲಿ ಅರಬ್ಬೀ ಸಮುದ್ರ, ಬಂಗಾಳ ಕೊಲ್ಲಿ ಮತ್ತು ಹಿಂದೂ ಮಹಾಸಾಗರ ಮೂರೂ ಸೇರುವುದನ್ನು ಬೇರೆ ಬೇರೆ ಬಣ್ಣದಲ್ಲಿ ಕಾಣಬಹುದು. ಮರಳು ಕೂಡ ಮೂರು ಬಣ್ಣದ್ದಿದೆ.

ಹಡಗಿನ ಅಧಿಕಾರಿ

ಕ್ಷಮಿಸಿ, ನಾನು ಹೇಳಿದ ಹೊತ್ತಗೆಯ ಪ್ರಕಾರ ಕನ್ಯಾಕುಮಾರಿಯಲ್ಲಿ ಮೂರೂ ಇಲ್ಲ. ಬಂಗಾಳ ಕೊಲ್ಲಿಯ ಎಲ್ಲೆ ರಾಮಸೇತುವಿನ ಬಳಿಯೇ ನಿಲ್ಲುತ್ತದೆ, ಆಮೇಲೆ ಶ್ರೀಲಂಕಾದ ದಕ್ಷಿಣ ತುದಿಯಾದ ದೊಂದ್ರಾ ಭೂಶಿರದಿಂದ ಪೂರ್ವಕ್ಕೆ ಹೋಗುತ್ತದೆ. ಹಿಂದೂ ಮಹಾಸಾಗರ ಆರಂಭವಾಗುವುದು ದೊಂದ್ರಾದಿಂದ ಅಡ್ಡುವಿಗೆ ಎಳೆದ ಗೆರೆಯ ದಕ್ಷಿಣಕ್ಕೆ. ಕನ್ಯಾಕುಮಾರಿಯ ಮೂರು ದಿಕ್ಕಿಗೂ ಇರುವುದು ಲಕ್ಷದ್ವೀಪ ಸಮುದ್ರವೇ.

ಕಡಲ ವಿಜ್ಞಾನ ವಿದ್ಯಾರ್ಥಿನಿ

ಮರಳಿನ ಬಣ್ಣಕ್ಕೂ ಸಮುದ್ರಗಳ ಸಂಗಮಕ್ಕೂ ಸಂಬಂಧವಿಲ್ಲ. ಕೆಂಪು ಬಣ್ಣ ಗಾರ್ನೆಟ್ ಖನಿಜದ್ದು, ಕಪ್ಪು ಬಣ್ಣ ಇಲ್ಮನೈಟ್ ಖನಿಜದ್ದು. ಒಳನಾಡಿನ ಬಂಡೆ ಸವೆದು ಬಂದ ಈ ಭಾರವಾದ ಹರಳುಗಳನ್ನು ಅಲೆಗಳು ತೂಕಕ್ಕೆ ತಕ್ಕಂತೆ ಬೇರ್ಪಡಿಸಿ ದಡಕ್ಕೆ ಹಾಕುತ್ತವೆ.

ಆದರೆ ಅರಬ್ಬೀ ಸಮುದ್ರದ ನೀರು ಮತ್ತು ಬಂಗಾಳ ಕೊಲ್ಲಿಯ ನೀರು ಒಂದೇ ಅಲ್ಲ ಎಂಬ ಮಾತು ಮಾತ್ರ ನಿಜ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕೆನಿಸುತ್ತದೆ. ಸಾಗರದ ನೀರಿನಲ್ಲಿ ಸರಾಸರಿ ಒಂದು ಕಿಲೋಗೆ 35 ಗ್ರಾಂ ಉಪ್ಪಿರುತ್ತದೆ. ಅರಬ್ಬೀ ಸಮುದ್ರದಲ್ಲಿ ಬೀಳುವ ಮಳೆಗಿಂತ ಆವಿಯಾಗುವ ನೀರು ಹೆಚ್ಚು, ಆದ್ದರಿಂದ ಅದರ ಉತ್ತರ ಭಾಗದಲ್ಲಿ ಈ ಪ್ರಮಾಣ 36 ದಾಟುತ್ತದೆ. ಬಂಗಾಳ ಕೊಲ್ಲಿಗೆ ಗಂಗೆ, ಬ್ರಹ್ಮಪುತ್ರ, ಮಹಾನದಿ, ಗೋದಾವರಿ, ಕೃಷ್ಣೆ, ಕಾವೇರಿ ಎಲ್ಲವೂ ಬಂದು ಸೇರುವುದರಿಂದ, ಮಳೆಗಾಲದ ಕೊನೆಗೆ ಅದರ ಉತ್ತರ ಭಾಗದ ಮೇಲ್ಪದರದಲ್ಲಿ ಉಪ್ಪು 30ರ ಆಸುಪಾಸಿಗೆ ಇಳಿಯುತ್ತದೆ. ಸಿಹಿನೀರು ಹಗುರವಾಗಿರುವುದರಿಂದ ಮೇಲೆ ಚಾಪೆಯಂತೆ ಹಾಸಿಕೊಂಡು, ಕೆಳಗಿನ ತಣ್ಣನೆಯ ನೀರು ಸುಲಭವಾಗಿ ಮೇಲೆ ಬಾರದಂತೆ ತಡೆಯುತ್ತದೆ. ಬಂಗಾಳ ಕೊಲ್ಲಿಯ ಮೇಲ್ಮೈ ಬೆಚ್ಚಗೇ ಉಳಿಯುವುದಕ್ಕೂ ಅಲ್ಲಿ ಚಂಡಮಾರುತಗಳು ಹೆಚ್ಚಾಗಿ ಹುಟ್ಟುವುದಕ್ಕೂ ಇದು ಒಂದು ಕಾರಣ.

ಹೀಗೆ ಎರಡು ಬೇರೆ ನೀರುಗಳಿದ್ದರೂ ನಡುವೆ ಗೋಡೆಯಿಲ್ಲ. ನವೆಂಬರಿನಿಂದ ಜನವರಿಯವರೆಗೆ ಬಂಗಾಳ ಕೊಲ್ಲಿಯ ಕಡಿಮೆ ಉಪ್ಪಿನ ನೀರು ಶ್ರೀಲಂಕಾವನ್ನು ಸುತ್ತಿಕೊಂಡು ಕೇರಳದ ಮುಂದಿನಿಂದ ಉತ್ತರಕ್ಕೆ ನಮ್ಮ ಕರಾವಳಿಯ ಕಡೆಗೆ ಹರಿದುಬರುತ್ತದೆ. ಮುಂಗಾರಿನಲ್ಲಿ ಹರಿವು ತಿರುಗಿ, ಅರಬ್ಬೀ ಸಮುದ್ರದ ಉಪ್ಪು ನೀರು ಶ್ರೀಲಂಕಾದ ದಕ್ಷಿಣದಿಂದ ಬಂಗಾಳ ಕೊಲ್ಲಿಗೆ ನುಗ್ಗುತ್ತದೆ. ವರ್ಷಕ್ಕೆ ಎರಡು ಬಾರಿ ಪ್ರವಾಹಗಳು ಹೀಗೆ ದಿಕ್ಕು ಬದಲಿಸುವುದು ಉತ್ತರ ಹಿಂದೂ ಮಹಾಸಾಗರದ ವಿಶೇಷ, ಏಕೆಂದರೆ ಈ ಸಾಗರದ ಉತ್ತರಕ್ಕೆ ಏಷ್ಯಾ ಖಂಡ ಅಡ್ಡಗಟ್ಟಿ ನಿಂತು ಮಾನ್ಸೂನ್ ಗಾಳಿಯನ್ನು ಹುಟ್ಟಿಸುತ್ತದೆ.

ಕುಮಟೆಯ ಹುಡುಗನ ಪರವಾಗಿ ಒಂದು ಸಾಕ್ಷಿ ಇದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲಿ ಹಾದುಹೋದದ್ದು ಎಲ್ಲರಿಗೂ ನೆನಪಿರಬಹುದು. ಅದು ಎದ್ದದ್ದು ಅರಬ್ಬೀ ಸಮುದ್ರದಲ್ಲಿ. ಆದರೆ ಅದಕ್ಕೆ ಹೆಸರು ಬಂದದ್ದು ‘ಉತ್ತರ ಹಿಂದೂ ಮಹಾಸಾಗರದ ಚಂಡಮಾರುತಗಳು’ ಎಂಬ ಪಟ್ಟಿಯಿಂದ. ಭಾರತೀಯ ಹವಾಮಾನ ಇಲಾಖೆ ಅರಬ್ಬೀ ಸಮುದ್ರವನ್ನೂ ಬಂಗಾಳ ಕೊಲ್ಲಿಯನ್ನೂ ಹಿಂದೂ ಮಹಾಸಾಗರದ ಎರಡು ತೋಳುಗಳೆಂದೇ ಲೆಕ್ಕ ಹಾಕುತ್ತದೆ. ನಮ್ಮ ಮೀನುಗಾರರಿಗೆ ಎಚ್ಚರಿಕೆ ಕೊಡುವಾಗ ಅದೇ ಇಲಾಖೆ ‘ಪೂರ್ವ ಮಧ್ಯ ಅರಬ್ಬೀ ಸಮುದ್ರ’, ‘ಆಗ್ನೇಯ ಅರಬ್ಬೀ ಸಮುದ್ರ’ ಎನ್ನುತ್ತದೆ. ಆದ್ದರಿಂದ ಹುಡುಗನೂ ಸರಿ, ಮಲ್ಪೆಯವರೂ ಸರಿ.

ಹಂಪನಕಟ್ಟೆ

ನೀರು ಬೆರೆಯುತ್ತದೆ ಎನ್ನುತ್ತೀರಿ. ಹಾಗಾದರೆ ಎರಡು ಸಾಗರಗಳು ಒಂದಕ್ಕೊಂದು ತಾಗಿ ನಿಂತು, ಒಂದು ಕಡೆ ನೀಲಿ, ಇನ್ನೊಂದು ಕಡೆ ಬಿಳಿಚಿದ ಹಸಿರು ಇರುವ ವಿಡಿಯೊ ವಾಟ್ಸ್ಆ್ಯಪ್‌ನಲ್ಲಿ ಬರುತ್ತದಲ್ಲ, ಅದು ಏನು?

ಕಡಲ ವಿಜ್ಞಾನ ವಿದ್ಯಾರ್ಥಿನಿ

ಅಂಥ ಬಹುಪಾಲು ದೃಶ್ಯಗಳು ಅಲಾಸ್ಕಾ ಕೊಲ್ಲಿಯವು. ಅಲ್ಲಿ ಸೇರುತ್ತಿರುವುದು ಎರಡು ಸಾಗರಗಳಲ್ಲ. ಹಿಮನದಿ ಅರೆದ ಬಂಡೆಯ ನುಣುಪಾದ ಹಿಟ್ಟನ್ನು ಹೊತ್ತ ನದಿನೀರು ಸಾಗರದ ನೀರಿಗೆ ತಾಗಿದ ಅಂಚು ಅದು. ಕಾಳಿ ತೀರದವರು ಸದಾಶಿವಗಡದಿಂದ ಕಂಡದ್ದೂ ಅದೇ ಜಾತಿಯದು. ಎರಡೂ ಕೊನೆಗೆ ಬೆರೆಯುತ್ತವೆ.

ದುಬೈ ಕನ್ನಡಿಗ

ನಾನಿರುವುದು ‘ಕೊಲ್ಲಿ ರಾಷ್ಟ್ರ’ದಲ್ಲಿ. ಇಲ್ಲಿ ಅತಿ ಆಳವಾದ ಕಡೆಯೂ ನೀರು ಸುಮಾರು 90 ಮೀಟರ್ ಮಾತ್ರ, ಉಪ್ಪು 40ರ ಹತ್ತಿರ. ಊರಿನಲ್ಲಿ ಈಜಿ ಅಭ್ಯಾಸವಿರುವವರಿಗೆ ಇಲ್ಲಿ ಮೈ ತಾನಾಗಿ ತೇಲಿದಂತೆ ಅನಿಸುತ್ತದೆ, ದಡಕ್ಕೆ ಬಂದ ಮೇಲೆ ಕಣ್ಣುರೆಪ್ಪೆಯ ಮೇಲೂ ಬಿಳಿ ಪುಡಿ ಕೂರುತ್ತದೆ. ಹೆಸರಿನ ವಿಷಯದಲ್ಲಿ ಇಲ್ಲಿಯೂ ಸಮಾಧಾನವಿಲ್ಲ. ಇರಾನಿನವರು ಪರ್ಷಿಯನ್ ಕೊಲ್ಲಿ ಎನ್ನುತ್ತಾರೆ, ಅರಬರು ಅರೇಬಿಯನ್ ಕೊಲ್ಲಿ ಎನ್ನುತ್ತಾರೆ. ಒಟ್ಟಿನಲ್ಲಿ ಸಮುದ್ರ, ಸಾಗರ, ಕೊಲ್ಲಿ ಎಂಬುವು ನೀರಿನ ಜಾತಿಗಳಲ್ಲ, ಮನುಷ್ಯರು ತಮ್ಮ ಅನುಕೂಲಕ್ಕೆ ಇಟ್ಟುಕೊಂಡ ಗುರುತುಗಳು ಎಂದು ನನ್ನ ಅಭಿಪ್ರಾಯ.

ಬಂಡೆ ಓದುವವ

ದುಬೈ ಗೆಳೆಯರ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ನೀರನ್ನು ಬಿಟ್ಟು ತಳವನ್ನು ನೋಡಿದರೆ ನಿಜವಾದ ವ್ಯತ್ಯಾಸ ಕಾಣುತ್ತದೆ. ಖಂಡದ ತೊಗಟೆ ಸಾಮಾನ್ಯವಾಗಿ 30ರಿಂದ 40 ಕಿಲೋಮೀಟರ್ ದಪ್ಪ, ಗ್ರಾನೈಟ್‌ನಂಥ ಹಗುರವಾದ ಕಲ್ಲು. ಸಾಗರದ ತೊಗಟೆ ಸುಮಾರು 7 ಕಿಲೋಮೀಟರ್ ಮಾತ್ರ, ಅದು ಭಾರವಾದ ಬಸಾಲ್ಟ್ ಕಲ್ಲು. ಭಾರವಾದದ್ದು ತಗ್ಗಿನಲ್ಲಿ ಕೂರುತ್ತದೆ, ನೀರು ಅಲ್ಲಿ ತುಂಬುತ್ತದೆ. ಇಂಗ್ಲೆಂಡ್ ಮತ್ತು ನಾರ್ವೆ ನಡುವಿನ ಉತ್ತರ ಸಮುದ್ರದ ಸರಾಸರಿ ಆಳ 100 ಮೀಟರನ್ನೂ ಮುಟ್ಟುವುದಿಲ್ಲ. ಅದು ಖಂಡದ ಅಂಚಿನ ಮೇಲೆ ನಿಂತ ನೀರು. ಹಿಮಯುಗದಲ್ಲಿ ಅದರ ದಕ್ಷಿಣ ಭಾಗ ಜನ ಓಡಾಡುವ ನೆಲವಾಗಿತ್ತು. ಅರಬ್ಬೀ ಸಮುದ್ರ ಹಾಗಲ್ಲ. ದಡದ ಸಮೀಪದ ಮೆಟ್ಟಿಲನ್ನು ದಾಟಿದರೆ ಅದರ ಆಳ ಕೆಲವೆಡೆ 4,000 ಮೀಟರಿಗೂ ಮಿಗಿಲು, ದಕ್ಷಿಣದಲ್ಲಿ ಕಾರ್ಲ್ಸ್‌ಬರ್ಗ್ ಏಣು ಎಂಬ ಮುಳುಗಿದ ಬೆಟ್ಟಸಾಲು ಹೊಸ ಸಾಗರತಳವನ್ನು ಇಂದಿಗೂ ಹುಟ್ಟಿಸುತ್ತಿದೆ. ಹೆಸರು ಸಮುದ್ರ, ಮೈ ಸಾಗರ.

ಇದಕ್ಕೆ ಪುರಾವೆ ಮಲ್ಪೆಯಿಂದ ದೋಣಿಯಲ್ಲಿ ಅರ್ಧ ಗಂಟೆಯ ದೂರದಲ್ಲಿದೆ. ಊರಿನವರು ತೋನ್ಸೆ ಪಾರ್ ಎನ್ನುವ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನು ನೋಡಿ. ಪೆನ್ಸಿಲ್ಲುಗಳನ್ನು ಕಟ್ಟಾಗಿ ನಿಲ್ಲಿಸಿದಂತೆ ಐದು, ಆರು ಮೂಲೆಯ ಕಂಬಗಳು ಒಂದಕ್ಕೊಂದು ಅಂಟಿ ನಿಂತಿವೆ. ಬೆರಳಿನಿಂದ ಒಂದು ಕಂಬದ ಮೂಲೆಗಳನ್ನು ಎಣಿಸುತ್ತ ಸುತ್ತಿದರೆ, ಲಾವಾ ತಣಿದು ಕುಗ್ಗುವಾಗ ಬಿಟ್ಟ ಬಿರುಕುಗಳು ಎಷ್ಟು ನೇರವಾಗಿವೆ ಎಂದು ತಿಳಿಯುತ್ತದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಹೊತ್ತಿನಲ್ಲಿ ಉಕ್ಕಿದ ಲಾವಾ ಅದು. ನಮ್ಮ ಮುಂದಿನ ಕಡಲು ತೆರೆದುಕೊಂಡದ್ದು ಆ ಕಾಲದಿಂದ.

ಕೆಂಪು ಸಮುದ್ರವೂ ಹೀಗೆಯೇ. ಅರೇಬಿಯಾ ಮತ್ತು ಆಫ್ರಿಕಾ ವರ್ಷಕ್ಕೆ ಒಂದು ಸೆಂಟಿಮೀಟರಿನಷ್ಟು ದೂರ ಸರಿಯುತ್ತಿವೆ, ನಡುವಿನ ಬಿರುಕಿನಲ್ಲಿ ಸಾಗರದ ತೊಗಟೆ ಹುಟ್ಟುತ್ತಿದೆ. ಅದು ಹೆಸರಿಗೆ ಸಮುದ್ರವಾದರೂ ಎಳೆಯ ಸಾಗರ. ನನ್ನ ಕೈಯಲ್ಲಿ ಕೆಂಪು ಪೆನ್ನು ಇದ್ದಿದ್ದರೆ ಹುಡುಗನಿಗೆ ಪೂರ್ಣ ಅಂಕ ಕೊಡುತ್ತಿದ್ದೆ.

ಭೂಗೋಳದ ಶಿಕ್ಷಕಿ

ಎಂಟನೆಯ ತರಗತಿಯ ಒಂದು ಅಂಕದ ಪ್ರಶ್ನೆಗೆ ತೊಗಟೆಯ ದಪ್ಪವನ್ನು ಅಳೆಯಲು ಹೋಗುವುದು ನ್ಯಾಯವಲ್ಲ. ನಿಮ್ಮ ಲಕ್ಷಣವನ್ನೇ ಹಿಡಿದರೆ ಉತ್ತರ ಸಮುದ್ರವನ್ನು ಸಮುದ್ರ ಎನ್ನಬಹುದು, ಅರಬ್ಬೀ ಸಮುದ್ರವನ್ನು ಎನ್ನಲಾಗದು. ಆಗ ಭೂಪಟಗಳನ್ನೆಲ್ಲ ಮತ್ತೆ ಬರೆಯಬೇಕಾಗುತ್ತದೆ.

ಬಂಡೆ ಓದುವವ

ಭೂಪಟ ಬದಲಿಸಿ ಎಂದು ನಾನು ಹೇಳುತ್ತಿಲ್ಲ. ಹೆಸರು ರೂಢಿಯದು, ವ್ಯತ್ಯಾಸ ತಳದ್ದು. ಇವೆರಡನ್ನೂ ಮಕ್ಕಳಿಗೆ ಬೇರೆ ಬೇರೆಯಾಗಿ ಹೇಳಿಕೊಟ್ಟರೆ ಇಷ್ಟು ಗೊಂದಲ ಆಗುವುದಿಲ್ಲ.

ಪದಶೋಧ

ಕನ್ನಡದಲ್ಲಿ ಈ ಗೊಂದಲಕ್ಕೆ ಇನ್ನೊಂದು ಕಾರಣವಿದೆ. ‘ಸಮುದ್ರ ಚಿಕ್ಕದು, ಸಾಗರ ದೊಡ್ಡದು’ ಎಂಬುದು ಪಠ್ಯಪುಸ್ತಕಗಳು ಈಚೆಗೆ ಮಾಡಿಕೊಂಡ ವಿಂಗಡಣೆ. ಅಮರಕೋಶದಲ್ಲಿ ಸಮುದ್ರ, ಅಬ್ಧಿ, ಉದಧಿ, ಸಿಂಧು, ಸಾಗರ, ಅರ್ಣವ ಎಲ್ಲವೂ ಒಂದೇ ಸಾಲಿನ ಸಮಾನಾರ್ಥಕ ಪದಗಳು. ಪುರಾಣಗಳ ಏಳು ಸಮುದ್ರಗಳನ್ನು ಸಪ್ತಸಾಗರ ಎಂದೂ ಕರೆಯುತ್ತೇವೆ, ಅಲ್ಲಿ ಯಾವ ತಾರತಮ್ಯವೂ ಇಲ್ಲ. ಹಿಂದಿಯವರು ನಮ್ಮ ಅರಬ್ಬೀ ಸಮುದ್ರವನ್ನೇ ‘ಅರಬ್ ಸಾಗರ್’ ಎನ್ನುತ್ತಾರೆ. ನಾವು ‘ಅಟ್ಲಾಂಟಿಕ್ ಸಾಗರ’ ಎಂದೂ ಬರೆಯುತ್ತೇವೆ, ‘ಅಟ್ಲಾಂಟಿಕ್ ಮಹಾಸಾಗರ’ ಎಂದೂ ಬರೆಯುತ್ತೇವೆ. ನಮ್ಮದೇ ಮಾತು ಎಂದರೆ ಕಡಲು. ಪಶ್ಚಿಮಕ್ಕಿರುವುದು ಪಡುಗಡಲು, ಪೂರ್ವಕ್ಕಿರುವುದು ಮೂಡುಗಡಲು. ಆ ಹೆಸರುಗಳಲ್ಲಿ ದಿಕ್ಕು ಇದೆ, ಅಳತೆಯ ಗೊಡವೆ ಇಲ್ಲ.

ಹಿರಿಯೂರಿನ ಓದುಗಿ

ಬಯಲುಸೀಮೆಯವರಾದ ನಮಗೆ ಕೆರೆಯೇ ಸಮುದ್ರವಾಗಿತ್ತು ಎಂಬುದನ್ನೂ ಇಲ್ಲಿ ಸೇರಿಸಬೇಕು. ಹೊಯ್ಸಳರ ರಾಜಧಾನಿ ದೋರಸಮುದ್ರ. ಬೆಂಗಳೂರಿನ ಕೆರೆಗಳು ಕೆಂಪಾಂಬುಧಿ ಮತ್ತು ಧರ್ಮಾಂಬುಧಿ. ಎರಡನೆಯದು ಇದ್ದ ಜಾಗದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ನಮ್ಮ ಮಾರಿಕಣಿವೆಯ ಜಲಾಶಯಕ್ಕೆ ವಾಣಿವಿಲಾಸ ಸಾಗರ ಎಂದು ಹೆಸರು. 2022ರಲ್ಲಿ ಅದು ಎಷ್ಟೋ ದಶಕಗಳ ನಂತರ ಕೋಡಿ ಹರಿದಾಗ ನಮ್ಮ ಅಜ್ಜಿಯನ್ನು ಕರೆದೊಯ್ದಿದ್ದೆ. ಅಜ್ಜಿ ಕಡಲನ್ನು ಒಮ್ಮೆಯೂ ನೋಡಿದವರಲ್ಲ. ಕಟ್ಟೆಯ ಮೇಲೆ ನಿಂತು ಬಹಳ ಹೊತ್ತು ಸುಮ್ಮನಿದ್ದು, "ಸಮುದ್ರ ಅಂದ್ರೆ ಇದೇ ತಾನೆ" ಎಂದರು. ನಾನು ಅಲ್ಲ ಎನ್ನಲಿಲ್ಲ.

ಕಾಳಿ ತೀರ

ಹಾಗಾದರೆ ಕ್ಯಾಸ್ಪಿಯನ್, ಮೃತ ಸಮುದ್ರ, ಅರಾಲ್ ಇವೆಲ್ಲ ನಿಮ್ಮ ವಾಣಿವಿಲಾಸ ಸಾಗರದ ಸಾಲಿಗೇ ಸೇರಿದವು. ಹೆಸರಿನಲ್ಲಿ ಸಮುದ್ರ ಎಂದಿದ್ದರೂ ಸಾಗರಕ್ಕೆ ದಾರಿಯಿಲ್ಲದ ಸರೋವರಗಳು ಅವು.

ಕಾನೂನು ಕಲಿತವ

ಕ್ಯಾಸ್ಪಿಯನ್ ವಿಷಯದಲ್ಲಿ ಅಷ್ಟು ಸುಲಭವಾಗಿ ಸರೋವರ ಎಂದು ಮುಗಿಸಲು ಬರುವುದಿಲ್ಲ. ಅದರ ತಳದಲ್ಲಿ ತೈಲ ಮತ್ತು ಅನಿಲ ಇರುವುದರಿಂದ, ಅದು ಸಮುದ್ರವೇ ಸರೋವರವೇ ಎಂಬ ಪ್ರಶ್ನೆಯ ಮೇಲೆ ಐದು ದೇಶಗಳು ಎರಡು ದಶಕಗಳಿಗೂ ಹೆಚ್ಚು ಕಾಲ ವಾದಿಸಿದವು. ಸಮುದ್ರವಾದರೆ 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ರೀತಿಯಲ್ಲಿ ಕರಾವಳಿಯ ಉದ್ದಕ್ಕೆ ತಕ್ಕಂತೆ ಪಾಲು, ಸರೋವರವಾದರೆ ಸಮಪಾಲು ಎಂಬ ವಾದಗಳಿದ್ದವು. ಕರಾವಳಿ ಕಿರಿದಾಗಿರುವ ಇರಾನಿಗೆ ಸಮಪಾಲು ಬೇಕಾಗಿತ್ತು. 2018ರ ಆಗಸ್ಟ್ 12ರಂದು ಕಜಾಕಸ್ತಾನದ ಅಕ್ತಾವ್ ನಗರದಲ್ಲಿ ರಷ್ಯಾ, ಕಜಾಕಸ್ತಾನ, ತುರ್ಕ್‌ಮೆನಿಸ್ತಾನ, ಇರಾನ್ ಮತ್ತು ಅಜರ್‌ಬೈಜಾನ್ ಸಹಿ ಹಾಕಿದ ಒಪ್ಪಂದವು ಎರಡೂ ಹೆಸರನ್ನು ಬಿಟ್ಟು, ಅದಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟಿತು. ಸಮುದ್ರ ಎಂಬ ಒಂದು ಪದದ ಮೇಲೆ ಎಷ್ಟು ಹಣ ನಿಂತಿರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ತಿಳಿದಿಲ್ಲ.

ಕುಮಟೆಯ ವಿಷಯಕ್ಕೆ ಬಂದರೆ ಕಾನೂನು ಹೆಸರನ್ನು ನೋಡುವುದೇ ಇಲ್ಲ, ದೂರವನ್ನು ನೋಡುತ್ತದೆ. ದಡದಿಂದ 12 ನಾವಿಕ ಮೈಲಿಯವರೆಗೆ ದೇಶದ ಪ್ರಾದೇಶಿಕ ಸಮುದ್ರ, 200 ನಾವಿಕ ಮೈಲಿಯವರೆಗೆ ಪ್ರತ್ಯೇಕ ಆರ್ಥಿಕ ವಲಯ. ನೀರಿನ ಹೆಸರು ಏನೇ ಇದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಪ್ರಶ್ನೆ ಮಾತ್ರ

ಸಾಗರಗಳು ನಾಲ್ಕೋ, ಐದೋ? ನಮ್ಮ ಕಾಲದಲ್ಲಿ ನಾಲ್ಕು ಎಂದು ಕಲಿಸಿದ್ದರು.

ಹಡಗಿನ ಅಧಿಕಾರಿ

1937ರ ಆವೃತ್ತಿಯಲ್ಲಿ ಅಂಟಾರ್ಕ್ಟಿಕಾದ ಸುತ್ತಲಿನ ದಕ್ಷಿಣ ಸಾಗರಕ್ಕೆ ಎಲ್ಲೆ ಇತ್ತು, 1953ರಲ್ಲಿ ಅದನ್ನು ಕೈಬಿಟ್ಟರು. ಆದ್ದರಿಂದ ನಿಮಗೆ ನಾಲ್ಕು ಎಂದು ಕಲಿಸಿರಬೇಕು. ನ್ಯಾಷನಲ್ ಜಿಯಾಗ್ರಫಿಕ್ ಸಂಸ್ಥೆ 2021ರ ಜೂನ್ 8ರಿಂದ ತನ್ನ ಭೂಪಟಗಳಲ್ಲಿ ಅದನ್ನು ಐದನೆಯ ಸಾಗರವಾಗಿ ತೋರಿಸುತ್ತಿದೆ. ಅದಕ್ಕೆ ಸುತ್ತ ನೆಲದ ಎಲ್ಲೆಯಿಲ್ಲ. ಅಂಟಾರ್ಕ್ಟಿಕಾವನ್ನು ಬಳಸಿ ಪೂರ್ವಕ್ಕೆ ಹರಿಯುವ ಪ್ರವಾಹವೇ ಅದರ ಬೇಲಿ.

ಗಂಗೊಳ್ಳಿ ದೋಣಿ

ಇಷ್ಟು ಹೊತ್ತು ಓದುತ್ತಿದ್ದೆ, ನನ್ನದೂ ಒಂದು ಮಾತು ಇರಲಿ. ನಮ್ಮ ಮನೆಯಲ್ಲಿ ಮೂರು ತಲೆಮಾರು ಮೀನುಗಾರಿಕೆ ಮಾಡಿದ್ದೇವೆ. ನಮಗೆ ಹೆಸರಿಗಿಂತ ಮಾರು ಮುಖ್ಯ. ಎರಡು ಕೈ ಚಾಚಿದರೆ ಒಂದು ಮಾರು, ಸುಮಾರು ಆರು ಅಡಿ. ಅಪ್ಪನ ಕಾಲದಲ್ಲಿ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ, ಗುಂಡಿನ ಅಡಿಗೆ ಮೇಣ ಸವರಿ ಇಳಿಬಿಡುತ್ತಿದ್ದರು. ಮೇಲೆಳೆದಾಗ ಮೇಣಕ್ಕೆ ಕೆಸರು ಅಂಟಿದೆಯೋ, ಮರಳೋ, ಚಿಪ್ಪಿನ ಚೂರೋ ಎಂದು ಬೆರಳಿನಿಂದ ಮುಟ್ಟಿ ನೋಡಿ, ಎಲ್ಲಿದ್ದೇವೆ ಎಂದು ಹೇಳುತ್ತಿದ್ದರು. ಕತ್ತಲಲ್ಲಿ ಕೆಲವೊಮ್ಮೆ ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದರು. ಈಗ ಅದೆಲ್ಲ ಫಿಶ್ ಫೈಂಡರ್ ಪರದೆಯ ಮೇಲೆ ಬರುತ್ತದೆ.

ಬಂಗುಡೆ, ಬೂತಾಯಿ ಸಿಗುವುದು ಕಡಿಮೆ ಮಾರಿನಲ್ಲಿ, ಹಸಿರು ನೀರಿನಲ್ಲಿ. ಆಳಸಮುದ್ರದ ಬೋಟಿನಲ್ಲಿ ಹತ್ತು ದಿನದ ಐಸ್ ಹಾಕಿಕೊಂಡು ಹೋದಾಗ, ನೂರು ಮಾರಿನ ಆಸುಪಾಸಿನಲ್ಲಿ ಪರದೆಯ ಮೇಲಿನ ಗೆರೆ ಕೆಳಕ್ಕೆ ಜಾರುತ್ತದೆ. ಅಲ್ಲಿಂದ ಮುಂದೆ ನೀರು ಶಾಯಿಯಂತೆ ಕಪ್ಪು ನೀಲಿ, ಅಲೆಯೂ ಉದ್ದ. ದಡದ ಅಲೆ ಬಡಿಯುತ್ತದೆ, ಅಲ್ಲಿನ ಅಲೆ ಬೋಟನ್ನು ಎತ್ತಿ ನಿಧಾನವಾಗಿ ಇಳಿಸುತ್ತದೆ. ನನ್ನನ್ನು ಕೇಳಿದರೆ ಸಮುದ್ರ ಮುಗಿದು ಸಾಗರ ಆರಂಭವಾಗುವುದು ಅಲ್ಲೇ.

ಬಂಡೆ ಓದುವವ

ಗಂಗೊಳ್ಳಿಯವರು ಹೇಳಿದ ನೂರು ಮಾರು ಎಂದರೆ ಸುಮಾರು 180 ಮೀಟರ್. ಖಂಡದ ಮೆಟ್ಟಿಲು ಮುಗಿಯುವುದು ಹೆಚ್ಚು ಕಡಿಮೆ ಅಷ್ಟೇ ಆಳದಲ್ಲಿ. ನಾನು ಇಷ್ಟುದ್ದ ಬರೆದದ್ದನ್ನು ಅವರು ಒಂದು ಹಗ್ಗದಲ್ಲಿ ಹೇಳಿದ್ದಾರೆ.

ಭೂಗೋಳದ ಶಿಕ್ಷಕಿ

ಪ್ರಶ್ನೆಯಲ್ಲಿ ‘ಜಲರಾಶಿ’ ಎಂದು ಇತ್ತೆಂದು ನೀವು ಬರೆದದ್ದನ್ನು ಈಗ ಮತ್ತೊಮ್ಮೆ ಓದಿದೆ. ‘ಸಮುದ್ರ’ ಎಂದು ಕೇಳಿದ್ದರೆ ನನ್ನ ಮೊದಲ ವಾದಕ್ಕೆ ಬಲವಿರುತ್ತಿತ್ತು. ‘ಜಲರಾಶಿ’ ಎಂದು ಕೇಳಿದ ಮೇಲೆ ಹುಡುಗನ ಉತ್ತರಕ್ಕೆ ಅಂಕ ಕೊಡಬೇಕಾಗಿತ್ತು. ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಮುಂದಿನ ಬಾರಿ ನಾನು ಪ್ರಶ್ನೆಪತ್ರಿಕೆ ಮಾಡುವಾಗ ಈ ಪದವನ್ನು ನೋಡಿ ಬಳಸುತ್ತೇನೆ.

ಕುಮಟಾ ನಿವಾಸಿ

ಎಲ್ಲವನ್ನೂ ಮಗನಿಗೆ ಓದಿ ಹೇಳಿದೆ. ಅಂಕದ ವಿಷಯ ಅವನಿಗೆ ಮರೆತೇಹೋಗಿದೆ. ಸದಾಶಿವಗಡದಿಂದ ಕೋರಾ ದಿವ್‌ಗೆ, ಅಲ್ಲಿಂದ ಅಡ್ಡುವಿಗೆ ಅಡಿಪಟ್ಟಿ ಇಟ್ಟು ತನ್ನ ಭೂಪಟದಲ್ಲಿ ಪೆನ್ಸಿಲ್ ಗೆರೆ ಎಳೆದು, ಅದರ ಪೂರ್ವಕ್ಕೆ ‘ಲಕ್ಷದ್ವೀಪ ಸಮುದ್ರ, 1953’ ಎಂದು ಸಣ್ಣದಾಗಿ ಬರೆದುಕೊಂಡಿದ್ದಾನೆ. ಭಾನುವಾರ ಕಾರವಾರಕ್ಕೆ ಹೋಗುವುದೆಂದು ನಿಶ್ಚಯವಾಗಿದೆ. ಬೆಳಗ್ಗೆ ಮಾಜಾಳಿಯಲ್ಲಿ ಒಂದು ಬಾಟಲಿ, ಮಧ್ಯಾಹ್ನ ಟ್ಯಾಗೋರ್ ಕಡಲತೀರದಲ್ಲಿ ಒಂದು ಬಾಟಲಿ ನೀರು ತುಂಬಿಸಿ, ಎರಡನ್ನೂ ಒಂದೇ ಅಳತೆಯಲ್ಲಿ ಕಾಯಿಸಿ ಉಪ್ಪನ್ನು ತೂಗಬೇಕಂತೆ. ನಡುವೆ ಕಾಳಿಯ ಅಳಿವೆ ಇರುವುದರಿಂದ ಭರತದ ಹೊತ್ತಿಗೆ ತುಂಬಿಸುವುದೋ, ಇಳಿತದ ಹೊತ್ತಿಗೋ? ಕಾಳಿ ತೀರದವರು ದಯವಿಟ್ಟು ಭಾನುವಾರದ ಭರತದ ವೇಳೆಯನ್ನು ತಿಳಿಸಿ.

ಕಾಳಿ ತೀರ

ಭರತದಲ್ಲೇ ತುಂಬಿಸಿ, ಇಳಿತದಲ್ಲಿ ಕಾಳಿಯ ಸಿಹಿನೀರು ಎರಡೂ ಕಡೆಗೆ ಹರಡಿರುತ್ತದೆ. ವೇಳೆಯನ್ನು ಶನಿವಾರ ಸಂಜೆ ಬಂದರಿನ ಕಡೆ ಕೇಳಿ ಇಲ್ಲಿ ಬರೆಯುತ್ತೇನೆ. ಅಕ್ಕಸಾಲಿಗರ ತಕ್ಕಡಿಯಂಥದ್ದು ಬೇಕಾದರೆ ನಮ್ಮ ಮನೆಯಲ್ಲಿದೆ.